ಮರಳಿ ಬಂದವರಿಗೆ ಬಾಗಿಲು ತೆರೆದ ದೊಡ್ಡಸ್ವಾಮಿಯವರು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ಗೋವಾಕ್ಕೋ ಮಹಾರಾಷ್ಟ್ರಕ್ಕೋ ದುಡಿಯಲು ಗುಳೆ ಹೋಗುವ ಕುಟುಂಬಗಳು ನಮಗೆ ಹೊಸದಲ್ಲ. ಪೂಜೆ, ಪಾಪನಿವೇದನೆ ಇಲ್ಲದೆ ವರ್ಷಗಳನ್ನು ಕಳೆದು ಊರಿಗೆ ಬಂದವರಲ್ಲಿ ಕೆಲವರು ದೇವಾಲಯದ ಹೊಸ್ತಿಲವರೆಗೆ ಬಂದು ಹೊರಗೇ ನಿಂತುಬಿಡುತ್ತಾರೆ. ಮಾಡಿದ ಪಾಪಕ್ಕಿಂತಲೂ ಯಾವ ಮುಖ ಹೊತ್ತು ಒಳಗೆ ಹೋಗಲಿ ಎಂಬ ನಾಚಿಕೆಯೇ ಅವರನ್ನು ತಡೆಯುತ್ತದೆ. ಅಂಥವರನ್ನು ಕಂಡಾಗ ನೆನಪಾಗುವವರು, ಇನ್ನೂರು ವರ್ಷಗಳ ಹಿಂದೆ ಇದೇ ಕನ್ನಡ ನಾಡಿನಲ್ಲಿ ದುಡಿದ ಅಬ್ಬೆ ದುಬ್ವಾ ಸ್ವಾಮಿಗಳು.

ಫ್ರಾನ್ಸ್ ದೇಶದ ಹಳ್ಳಿಯೊಂದರಲ್ಲಿ 1766ರಲ್ಲಿ ಹುಟ್ಟಿದ ಇವರು 1792ರಲ್ಲಿ ಗುರುದೀಕ್ಷೆ ಪಡೆದು, ಅದೇ ವರ್ಷ ಪ್ಯಾರಿಸ್ ವಿದೇಶ ಮಿಷನ್ ಸಂಸ್ಥೆಯ ಗುರುಗಳಾಗಿ ಭಾರತಕ್ಕೆ ಹೊರಟರು. ಪಾಂಡಿಚೇರಿ ಮಿಷನ್ ಸೇರಿದ ಮೇಲೆ ಇಲ್ಲಿಯವರಂತೆಯೇ ಉಟ್ಟು, ತಲೆಗೆ ರುಮಾಲು ಸುತ್ತಿ, ಇಲ್ಲಿಯ ಊಟವನ್ನೇ ಉಂಡು ಜನರ ನಡುವೆ ಬೆರೆತರು. ಅವರ ನಿಜವಾದ ಪರೀಕ್ಷೆ ಬಂದದ್ದು 1799ರಲ್ಲಿ, ಶ್ರೀರಂಗಪಟ್ಟಣ ಬಿದ್ದ ಮೇಲೆ.

ಅದಕ್ಕೆ ಹದಿನೈದು ವರ್ಷ ಮೊದಲು, 1784ರಲ್ಲಿ, ಕರಾವಳಿಯ ಕ್ರೈಸ್ತರು ಇಂಗ್ಲಿಷರಿಗೆ ನೆರವಾದರೆಂಬ ಸಂಶಯದಿಂದ ಟಿಪ್ಪು ಸುಲ್ತಾನನು ಸಾವಿರಾರು ಕುಟುಂಬಗಳನ್ನು ಸೆರೆಹಿಡಿಸಿ ಘಟ್ಟ ಹತ್ತಿಸಿದ್ದನು. ದೇವಾಲಯಗಳನ್ನು ಕೆಡವಲಾಯಿತು, ಗುರುಗಳನ್ನು ಗಡೀಪಾರು ಮಾಡಲಾಯಿತು. ಎಷ್ಟು ಮಂದಿ ಸೆರೆಯಾದರೆಂಬ ಬಗ್ಗೆ ಇತಿಹಾಸಕಾರರ ಲೆಕ್ಕ ಒಂದಕ್ಕೊಂದು ಹೊಂದುವುದಿಲ್ಲ. ದುಬ್ವಾ ಅವರು ಬರೆದದ್ದು ಅರವತ್ತು ಸಾವಿರ. ದಾರಿಯಲ್ಲೂ ಸೆರೆಯಲ್ಲೂ ಅನೇಕರು ಸತ್ತರು. ಗಂಡಸರಿಗೆ ಸುನ್ನತಿ ಮಾಡಲಾಯಿತು. ಹೀಗೆ ಬದುಕುಳಿದವರ ಪಾಲಿಗೆ ಕಳೆದುಹೋದ ವಿಶ್ವಾಸದ ಗುರುತು ಮೈಮೇಲೆಯೇ ಉಳಿಯಿತು.

ಸುಲ್ತಾನನ ಮರಣಾನಂತರ ಇವರು ಒಬ್ಬೊಬ್ಬರಾಗಿ, ಗುಂಪುಗುಂಪಾಗಿ ಮರಳತೊಡಗಿದರು. ಹೊರಗೆ ಧರ್ಮ ಬಿಟ್ಟರೂ ಒಳಗೆ ಕ್ರಿಸ್ತನನ್ನು ಬಿಟ್ಟಿರಲಿಲ್ಲವೆಂಬುದು ಅವರ ಅರಿಕೆ. ಶ್ರೀರಂಗಪಟ್ಟಣದಲ್ಲಿ ಚದುರಿದ ಸಭೆಯನ್ನು ಕಟ್ಟಲು ಬಂದ ದುಬ್ವಾ ಅವರ ಮುಂದೆ ಹೀಗೆ ನಿಂತವರು ಸುಮಾರು ಎರಡು ಸಾವಿರ ಮಂದಿ. ಇನ್ನೂ ಸುಮಾರು ಇಪ್ಪತ್ತು ಸಾವಿರ ಜನ ಮಂಗಳೂರು ಸೀಮೆಗೆ ಮರಳಿದರೆಂದು ಅವರೇ ಬರೆದಿದ್ದಾರೆ.

ಇಲ್ಲಿ ಒಂದು ಮಾತನ್ನು ಮರೆಮಾಚಬಾರದು. ದುಬ್ವಾ ಸ್ವಾಮಿಗಳಿಗೆ ಇವರ ವಿಷಯದಲ್ಲಿ ಮೃದು ಮನಸ್ಸಿರಲಿಲ್ಲ. ಅಷ್ಟು ಸಾವಿರ ಜನರಲ್ಲಿ ಒಬ್ಬನಾದರೂ ರಕ್ತಸಾಕ್ಷಿಯಾಗಲಿಲ್ಲವಲ್ಲ ಎಂದು ಅವರು ನಾಚಿದರು, ನೊಂದರು, ಅದನ್ನು ಬರೆದೂ ಇಟ್ಟರು. ಮತ್ತೊಮ್ಮೆ ಇಂಥ ಶೋಧನೆ ಬಂದರೆ ಇವರು ಮತ್ತೆ ಬಿದ್ದಾರು ಎಂಬ ಅಳುಕೂ ಅವರಿಗಿತ್ತು. ಕುಳಿತು ಬರೆದವರ ಈ ತೀರ್ಪು ಸೆರೆಯಲ್ಲಿದ್ದವರ ಮೇಲೆ ತುಸು ಕಠಿಣವೇ ಆಯಿತೆಂದು ನನಗೆ ಅನಿಸುತ್ತದೆ. ಆದರೂ ಅವರು ಬಾಗಿಲು ಮುಚ್ಚಲಿಲ್ಲ. ಕೋಳಿ ಕೂಗಿದ ರಾತ್ರಿ ಅತ್ತ ಪೇತ್ರನನ್ನೇ ಪ್ರಭು ಕುರಿಹಿಂಡಿಗೆ ಕಾವಲಿಟ್ಟ ಧರ್ಮಸಭೆಯ ಗುರು ಅವರು. ತಮ್ಮ ಬೇಸರವನ್ನು ಕಾಗದಕ್ಕೆ ಬಿಟ್ಟು, ಬಂದವರನ್ನು ಧರ್ಮಸಭೆಯೊಳಕ್ಕೆ ಕರೆದುಕೊಂಡರು.

ಕರೆದುಕೊಂಡರೆ ಸಾಲದು, ವಿಶ್ವಾಸ ಬೇರೂರಲು ನೆಲ ಬೇಕು. ಹಾಸನದ ಬಳಿಯ ಸಾತಳ್ಳಿಯಲ್ಲಿ ಅವರು ಕ್ರೈಸ್ತ ಬೇಸಾಯಗಾರರ ನೆಲೆ ಕಟ್ಟಿದರು. ಸಿಡುಬು ಮನೆಮನೆಗಳನ್ನು ಬರಿದು ಮಾಡುತ್ತಿದ್ದ ಕಾಲದಲ್ಲಿ, ಜನರ ಹೆದರಿಕೆ ಬಿಡಿಸಿ ಸಾವಿರಾರು ಮಂದಿಗೆ ಲಸಿಕೆ ಹಾಕಿಸಿದರು. ಅಲ್ಲಿಯ ಜನಕ್ಕೆ ಅವರು ದೊಡ್ಡಸ್ವಾಮಿಯವರಾದರು.

ಅವರಲ್ಲೂ ಕುಂದಿತ್ತು. ಹಿಂದೂಗಳ ಆಚಾರ ವಿಚಾರಗಳ ಮೇಲೆ ಅವರ ಹೆಸರಿನಲ್ಲಿ 1816ರಲ್ಲಿ ಲಂಡನ್ನಿನಲ್ಲಿ ಹೊರಬಂದ ಪುಸ್ತಕ ಲೋಕಪ್ರಸಿದ್ಧವಾಯಿತು. ಅದರ ಬಹುಭಾಗ ತಮಗಿಂತ ಹಿಂದಿನ ಯೇಸುಸಭೆಯ ಗುರು ಕೆರ್ದು ಅವರ ಬರಹದಿಂದ, ಹೆಸರು ಹೇಳದೆ, ತೆಗೆದದ್ದೆಂದು 1987ರಲ್ಲಿ ಫ್ರೆಂಚ್ ವಿದ್ವಾಂಸೆ ಸಿಲ್ವಿಯಾ ಮುರ್ ತೋರಿಸಿಕೊಟ್ಟರು. ಬೇರೆಯವರ ಬೀಳುವಿಕೆಯನ್ನು ಅಷ್ಟು ನಿಷ್ಠುರವಾಗಿ ಬರೆದ ಲೇಖನಿ ಇಲ್ಲಿ ಮೌನವಾಗಿತ್ತು.

ತಮ್ಮ ಸೋಲನ್ನು ಮಾತ್ರ ಅವರು ಮುಚ್ಚಿಡಲಿಲ್ಲ. ಇಪ್ಪತ್ತೈದು ವರ್ಷ ದುಡಿದು ಹೊಸದಾಗಿ ಕ್ರಿಸ್ತನ ಕಡೆಗೆ ತಂದವರು ಇನ್ನೂರು ಮುನ್ನೂರಕ್ಕಿಂತ ಹೆಚ್ಚಿಲ್ಲ, ಅವರಲ್ಲೂ ಹಲವರು ಮತ್ತೆ ಹಿಂದಿರುಗಿದರು ಎಂದು 1823ರಲ್ಲಿ ಪ್ರಕಟವಾದ ಪತ್ರಗಳಲ್ಲಿ ಒಪ್ಪಿಕೊಂಡರು. ಈ ದೇಶ ಕ್ರಿಸ್ತನನ್ನು ಸ್ವೀಕರಿಸುವ ಆಸೆಯನ್ನೇ ಕೈಬಿಟ್ಟು, ಅದೇ ವರ್ಷ ಹಡಗು ಹತ್ತಿದರು.

ಅವರು ಅಂಜಿದ್ದ ಆ ದುರ್ಬಲ ಜನರು ಅಷ್ಟರಲ್ಲಿ ಸುಮ್ಮನೆ ಕುಳಿತಿರಲಿಲ್ಲ. ಮಂಗಳೂರಿನಲ್ಲಿ 1784ರಲ್ಲಿ ನೆಲಸಮವಾಗಿದ್ದ ಮಿಲಾಗ್ರಿಸ್ ದೇವಾಲಯ 1811ರಲ್ಲಿ ಮತ್ತೆ ಎದ್ದಿತ್ತು.

ಪ್ಯಾರಿಸ್ ಸೇರಿದ ದುಬ್ವಾ ಅವರೂ ಸುಮ್ಮನಾಗಲಿಲ್ಲ. ತಮ್ಮ ಸಂಸ್ಥೆಯ ಗುರುಮಠದಲ್ಲಿ ನೆಲೆಸಿ, 1836ರಿಂದ 1839ರವರೆಗೆ ಅದರ ಮುಖ್ಯಸ್ಥರೂ ಆದರು. ಆಸೆ ಬಿಟ್ಟೆನೆಂದು ಬರೆದವರೇ ಪೂರ್ವ ದೇಶಗಳಿಗೆ ಹೊರಡುವ ಎಳೆಯ ಗುರುಗಳನ್ನು ಸಿದ್ಧಪಡಿಸಿ ಕಳುಹಿಸುತ್ತ, 1848ರ ಫೆಬ್ರವರಿಯಲ್ಲಿ ಕಣ್ಣುಮುಚ್ಚಿದರು.