ಬೂದಿಯಿಂದ ಎತ್ತಿದ ಅಚ್ಚಿನ ಮೊಳೆಗಳು

ರಾತ್ರಿಯಿಡೀ ಓದಿದ ವಿಷಯದಲ್ಲೇ ಬ್ಯಾಕ್ ಬಂದಾಗ, ಕೊನೆಯ ಸುತ್ತಿನಲ್ಲಿ ಕೆಲಸ ಕೈತಪ್ಪಿದಾಗ ನಾವೆಲ್ಲ ಕೇಳುವುದು ಒಂದೇ: ನನಗೇ ಯಾಕೆ ಹೀಗೆ? ಕಳೆದ ಸೆಮಿಸ್ಟರ್‌ನಲ್ಲಿ ಲ್ಯಾಪ್‌ಟಾಪ್ ಕೈಕೊಟ್ಟು ನನ್ನ ಮಿನಿ ಪ್ರಾಜೆಕ್ಟ್ ಪೂರ್ತಿ ಅಳಿಸಿಹೋದಾಗ ನಾನೂ ಹಾಗೇ ಕೇಳಿದ್ದೆ. ಆ ದಿನಗಳಲ್ಲಿ ಓದಿದ್ದು ವಿಲಿಯಂ ಕೇರಿ ಅವರ ಬದುಕನ್ನು.

1761ರಲ್ಲಿ ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ಬಡ ನೇಕಾರನ ಮಗನಾಗಿ ಹುಟ್ಟಿದ ಕೇರಿಗೆ ಚರ್ಮದ ಕಾಯಿಲೆಯಿಂದ ಬಿಸಿಲಿನ ಕೆಲಸ ಆಗುತ್ತಿರಲಿಲ್ಲ. ಹಾಗಾಗಿ ಚಪ್ಪಲಿ, ಬೂಟು ಹೊಲಿಯುವುದನ್ನು ಕಲಿತರು. ಜೊತೆಗೇ ಲ್ಯಾಟಿನ್, ಗ್ರೀಕ್, ಹೀಬ್ರೂ ಕಲಿತರು.

1793ರಲ್ಲಿ ಮಿಷನರಿಯಾಗಿ ಬಂಗಾಳಕ್ಕೆ ಬಂದರು. ಮರುವರ್ಷವೇ ಐದು ವರ್ಷದ ಮಗ ಪೀಟರ್ ಭೇದಿಯಿಂದ ತೀರಿಕೊಂಡ. ಊರಲ್ಲಿ ಗುಂಡಿ ತೋಡಲು, ಶವ ಹೊರಲು ಜನ ಸಿಗುವುದೇ ಕಷ್ಟವಾಯಿತು. ಪತ್ನಿ ಡೊರೊಥಿ ಮನಸ್ಸಿನ ಸಮತೋಲನ ಕಳೆದುಕೊಂಡರು. 1807ರಲ್ಲಿ ಸಾಯುವವರೆಗೂ ಚೇತರಿಸಿಕೊಳ್ಳಲಿಲ್ಲ. ಅವರಿಗೆ ಭಾರತಕ್ಕೆ ಬರುವ ಮನಸ್ಸೇ ಇರಲಿಲ್ಲ. ಕೊನೇ ಗಳಿಗೆಯಲ್ಲಿ ಒಪ್ಪಿ, ಹಸುಗೂಸನ್ನು ಎತ್ತಿಕೊಂಡು ಹಡಗು ಹತ್ತಿದ್ದರು. ಗಂಡನ ನಂಬಿಕೆಗೆ ಹೆಚ್ಚು ಬೆಲೆ ತೆತ್ತವರು ಅವರೇ. ಇದನ್ನು ಮರೆತು ಕೇರಿಯನ್ನು ಹೊಗಳುವುದು ನ್ಯಾಯವಲ್ಲ.

ಗೆಳೆಯರಾದ ಮಾರ್ಷ್‌ಮನ್, ವಾರ್ಡ್ ಜೊತೆ ಸೇರಿ ಕೇರಿ ಸೆರಾಂಪುರದಲ್ಲಿ ಅಚ್ಚುಕೂಟ ನಡೆಸಿದರು. 1812ರ ಮಾರ್ಚ್ 11ರ ಸಂಜೆ ಅದಕ್ಕೆ ಬೆಂಕಿ ಬಿತ್ತು. ಕಾಗದದ ದಾಸ್ತಾನು, ಹಲವು ಲಿಪಿಗಳ ಮೊಳೆಗಳು, ವರ್ಷಗಟ್ಟಲೆ ಕೂತು ಬರೆದ ಹಸ್ತಪ್ರತಿಗಳು ಸುಟ್ಟುಹೋದವು. ಅವುಗಳಲ್ಲಿ ಕನ್ನಡದ ಕೆಲಸವೂ ಇತ್ತು. ಬೆಂಕಿಗೆ ಕಾರಣ ಕೊನೆಗೂ ತಿಳಿಯಲಿಲ್ಲ. ಕಲ್ಕತ್ತೆಯಲ್ಲಿದ್ದ ಕೇರಿಗೆ ಮರುದಿನ ಸುದ್ದಿ ಮುಟ್ಟಿತು.

ಬೈಬಲ್ಲಿನಲ್ಲಿ ಯೋಬನ ಕಥೆ ಇದೆ. ತಪ್ಪು ಮಾಡದವನು ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡು ದೇವರನ್ನೇ ಪ್ರಶ್ನಿಸುತ್ತಾನೆ. ಯಾಕೆ ಎಂಬುದಕ್ಕೆ ಅವನಿಗೆ ಉತ್ತರ ಸಿಗುವುದಿಲ್ಲ. ದೇವರು ತನ್ನನ್ನು ಬಿಟ್ಟುಹೋಗಿಲ್ಲ ಎಂಬುದು ಮಾತ್ರ ತಿಳಿಯುತ್ತದೆ. ಕೇರಿಗೂ ಕಾರಣ ಸಿಗಲಿಲ್ಲ. ಅವರು ಯಾರನ್ನೂ ದೂರಲಿಲ್ಲ. ತನ್ನ ಕೆಲಸದ ಬಗ್ಗೆ ತನಗಿದ್ದ ಹೆಮ್ಮೆಯನ್ನು ದೇವರು ತಿದ್ದುತ್ತಿದ್ದಾನೆ ಎಂದುಕೊಂಡರು. ಈ ಮಾತನ್ನು ಸುಟ್ಟ ಕಾಗದದ ವಿಷಯದಲ್ಲಿ ಒಪ್ಪಬಲ್ಲೆ, ಪೀಟರ್‌ನ ಸಾವಿನ ವಿಷಯದಲ್ಲಿ ನನ್ನಿಂದಾಗದು.

ಆದರೆ ಆಮೇಲೆ ನಡೆದದ್ದು ಮನಸ್ಸಿಗೆ ನಾಟಿತು. ಮುದ್ರಣ ಯಂತ್ರಗಳು ಉಳಿದಿದ್ದವು. ಮೊಳೆ ಎರಕಕ್ಕೆ ಬೇಕಾದ ಉಕ್ಕಿನ ಅಚ್ಚುಗಳೂ ಬೂದಿಯಲ್ಲಿ ಸಿಕ್ಕವು. ಕರಗಿದ ಸೀಸವನ್ನೇ ಹೆಕ್ಕಿ ಮತ್ತೆ ಮೊಳೆ ಎರಕ ಹೊಯ್ದರು. ಇಂಗ್ಲೆಂಡಿನ ಜನ ಹಣ ಕಳಿಸಿದರು. ಐವತ್ತು ದಾಟಿದ್ದ ಕೇರಿ ಮತ್ತೆ ಮೊದಲಿನಿಂದ ಬರೆಯಲು ಕೂತರು. ಒಮ್ಮೆ ನಡೆದ ದಾರಿ ಎರಡನೇ ಸಲ ಸುಲಭ ಎಂಬುದು ಅವರ ಲೆಕ್ಕಾಚಾರವಾಗಿತ್ತು. 1817ರಲ್ಲಿ ಸೆರಾಂಪುರದಿಂದಲೇ ಅವರ ಕನ್ನಡ ವ್ಯಾಕರಣ ಅಚ್ಚಾಗಿ ಬಂತು. 1834ರಲ್ಲಿ ಅಲ್ಲೇ ತೀರಿಕೊಂಡರು.

ಕೇರಿಯ ನಂಬಿಕೆ ಅವರನ್ನು ಕಷ್ಟದಿಂದ ಕಾಪಾಡಲಿಲ್ಲ, ಮತ್ತೆ ಕೂತು ಬರೆಯುವ ಬಲ ಕೊಟ್ಟಿತು. ನಾನು ಅಳಿಸಿಹೋದ ಪ್ರಾಜೆಕ್ಟನ್ನು ಒಂಬತ್ತು ದಿನಗಳಲ್ಲಿ ಮತ್ತೆ ಮಾಡಿದೆ. ಅಂಕ ಸಾಧಾರಣವೇ ಬಂತು. ಆದರೆ ಮೊದಲ ಸಲ ಗೆಳೆಯನಿಂದ ನಕಲು ಮಾಡಿದ್ದ ಭಾಗ ಈ ಸಲ ನಿಜಕ್ಕೂ ಅರ್ಥವಾಗಿತ್ತು.