20 ಡಾಲರ್ ನೋಟಿನ ಅಜ್ಜಿ

ಪ್ರಾಜೆಕ್ಟ್ ಕೆಲಸಕ್ಕೆಂದು ಮುಂಬೈಯಿಂದ ಸಿಡ್ನಿಗೆ ಹೋಗಿಬಂದವರ ಪರ್ಸಿನಲ್ಲಿ ಆಸ್ಟ್ರೇಲಿಯಾದ 20 ಡಾಲರ್ ನೋಟು ಉಳಿದಿದ್ದರೆ ಒಮ್ಮೆ ತೆಗೆದು ನೋಡಿ. ಅದರ ಮೇಲೆ ಕನ್ನಡಕ ಹಾಕಿಕೊಂಡ ಅಜ್ಜಿಯೊಬ್ಬರಿದ್ದಾರೆ. ಹೆಸರು ಮೇರಿ ರೀಬಿ. ಅವರು ಸಿಡ್ನಿಗೆ ಬಂದದ್ದು ಕೈದಿಯಾಗಿ.

ಮೇರಿ ಹುಟ್ಟಿದ್ದು 1777ರಲ್ಲಿ, ಇಂಗ್ಲೆಂಡಿನ ಲ್ಯಾಂಕಶೈರ್‌ನಲ್ಲಿ. ತಂದೆತಾಯಿ ಇಲ್ಲದ ಹುಡುಗಿಯನ್ನು ಸಾಕಿದವರು ಅಜ್ಜಿ. ಹದಿಮೂರರ ಆಸುಪಾಸಿನಲ್ಲಿ ಗಂಡುವೇಷ ಹಾಕಿ, ಜೇಮ್ಸ್ ಬರೋ ಎಂದು ಹೆಸರು ಹೇಳಿಕೊಂಡು ಓಡಿದಳು. ಕುದುರೆ ಕದ್ದ ಆರೋಪದಲ್ಲಿ ಸಿಕ್ಕಿಬಿದ್ದಳು. ಏಳು ವರ್ಷ ಗಡೀಪಾರು ಶಿಕ್ಷೆಯಾಯಿತು. 1792ರ ಅಕ್ಟೋಬರ್‌ನಲ್ಲಿ ರಾಯಲ್ ಅಡ್ಮಿರಲ್ ಹಡಗು ಅವಳನ್ನು ಸಿಡ್ನಿಯಲ್ಲಿ ಇಳಿಸಿತು. ಅಲ್ಲಿ ಸೇನಾಧಿಕಾರಿಯೊಬ್ಬರ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು.

1794ರಲ್ಲಿ ಥಾಮಸ್ ರೀಬಿ ಎಂಬ ಹಡಗಿನವನೊಂದಿಗೆ ಮದುವೆಯಾಯಿತು. ಗಂಡ ಹೆಂಡತಿ ಜಮೀನು, ಧಾನ್ಯ, ಹಡಗು ಎಂದು ವ್ಯಾಪಾರ ಬೆಳೆಸಿದರು. 1811ರಲ್ಲಿ ಥಾಮಸ್ ತೀರಿಕೊಂಡ. ಏಳು ಮಕ್ಕಳು, ಜೊತೆಗೆ ಗೋದಾಮು, ಹಡಗುಗಳ ಲೆಕ್ಕ. ಎಲ್ಲವನ್ನೂ ಮೇರಿ ಒಬ್ಬರೇ ಹೊತ್ತರು.

ಆಗ ಅಲ್ಲಿದ್ದ ಗವರ್ನರ್ ಲ್ಯಾಕ್ಲನ್ ಮ್ಯಾಕ್ವಾರಿ ನಮಗೂ ಗೊತ್ತಿರಬೇಕಾದವರು. ಮುಂಬೈಯಲ್ಲಿ ವರ್ಷಗಟ್ಟಲೆ ಸೈನ್ಯದಲ್ಲಿದ್ದು, 1799ರಲ್ಲಿ ಟಿಪ್ಪುವಿನ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲೂ ಇದ್ದವರು. ಶಿಕ್ಷೆ ಮುಗಿಸಿದ ಕೈದಿಗಳನ್ನು ಅವರು ತಮ್ಮ ಊಟದ ಮೇಜಿಗೇ ಕರೆಯುತ್ತಿದ್ದರು. ಉಳ್ಳವರಿಗೆ ಇದು ಹಿಡಿಸಲಿಲ್ಲ. ಅವರ ಕಾಲದಲ್ಲೇ, 1817ರಲ್ಲಿ, ಆಸ್ಟ್ರೇಲಿಯಾದ ಮೊದಲ ಬ್ಯಾಂಕು ಮೇರಿಯ ಬಾಡಿಗೆ ಮನೆಯಲ್ಲಿ ಶುರುವಾಯಿತು.

1820ರಲ್ಲಿ ಮೇರಿ ಹೆಣ್ಣುಮಕ್ಕಳ ಜೊತೆ ತವರೂರಿಗೆ ಹೋಗಿಬಂದರು. 1828ರ ಜನಗಣತಿಯಲ್ಲಿ ತಾವು 1821ರಲ್ಲಿ ಸ್ವತಂತ್ರರಾಗಿ ಬಂದವರು ಎಂದು ಬರೆಸಿದರು. ಆ ಪ್ರಯಾಣದ ಮಟ್ಟಿಗೆ ಅದು ಸುಳ್ಳಲ್ಲ. ಆದರೆ 1792ನ್ನು ಬಿಟ್ಟರು. ಅಷ್ಟು ದುಡಿದು, ಶಾಲೆಯ ಆಡಳಿತ ಮಂಡಳಿವರೆಗೆ ಬೆಳೆದರೂ ಆ ಒಂದು ಸಾಲು ಅವರಿಗೆ ಭಾರವಾಗಿತ್ತು. ಊರು ಬಿಟ್ಟು ಬಂದವರಿಗೆ, ಅರ್ಜಿಯ ಕೆಲವು ಕಾಲಂ ತುಂಬುವಾಗ ಕೈ ಯಾಕೆ ತಡೆಯುತ್ತದೆಂದು ಗೊತ್ತು.

ಮೇರಿ ತೀರಿಕೊಂಡದ್ದು 1855ರಲ್ಲಿ. ನೋಟಿನ ಮೇಲೆ ಅವರ ಮುಖ ಬಂದದ್ದು 1994ರಲ್ಲಿ.

ಮೇರಿ ಬದುಕಿದ್ದ ಕಾಲದಲ್ಲೇ ಮುಂಬೈ ಬಂದರಿನಿಂದಲೂ ಕೈದಿಗಳನ್ನು ಮಾರಿಷಸ್‌ಗೆ ಸಾಗಿಸಿದ್ದರು. ಅಲ್ಲಿನ ರಸ್ತೆಗಳಲ್ಲಿ ಅವರ ಬೆವರಿದೆ. ಅವರ ಮುಖ ಮಾತ್ರ ಯಾವ ನೋಟಿನ ಮೇಲೂ ಇಲ್ಲ.