ಆರನ್ ಮಾಂಟ್ಗೊಮರಿ ವಾರ್ಡ್

ಆರನ್ ಮಾಂಟ್ಗೊಮರಿ ವಾರ್ಡ್ (ನಿಧನ: ೧೯೧೩) ಅಂಚೆಯ ಮೂಲಕ ಸರಕು ಮಾರುವ ವ್ಯಾಪಾರಕ್ಕೆ ಅಮೆರಿಕದಲ್ಲಿ ಬುನಾದಿ ಹಾಕಿದ ಉದ್ಯಮಿ. ಶಿಕಾಗೋ ನಗರದ ಸರೋವರ ತೀರವು ಕಟ್ಟಡಗಳ ಪಾಲಾಗದಂತೆ ಎರಡು ದಶಕಗಳ ಕಾಲ ನ್ಯಾಯಾಲಯದಲ್ಲಿ ಹೋರಾಡಿದವರೆಂದೂ ಪ್ರಸಿದ್ಧರು.

ಜೀವನ

ನ್ಯೂಜೆರ್ಸಿ ರಾಜ್ಯದ ಚಾಥಮ್‌ನಲ್ಲಿ ಜನಿಸಿದ ವಾರ್ಡ್, ಹದಿಹರೆಯದಲ್ಲಿಯೇ ಪೀಪಾಯಿ ಹಲಗೆಯ ಕಾರ್ಖಾನೆಯಲ್ಲಿಯೂ ಇಟ್ಟಿಗೆ ಭಟ್ಟಿಯಲ್ಲಿಯೂ ದುಡಿದರು. ಮುಂದೆ ಶಿಕಾಗೋದಲ್ಲಿ ಮಾರ್ಷಲ್ ಫೀಲ್ಡ್ ಪಾಲುದಾರರಾಗಿದ್ದ ಅಂಗಡಿಯಲ್ಲಿ ನೌಕರರಾಗಿದ್ದರು. ೧೮೭೧ರ ಮಹಾ ಅಗ್ನಿದುರಂತದಲ್ಲಿ ಕೂಡಿಟ್ಟ ಸರಕು ಸುಟ್ಟುಹೋದರೂ, ಮರುವರ್ಷವೇ ಒಂದೇ ಹಾಳೆಯ ಬೆಲೆಪಟ್ಟಿಯೊಡನೆ ಸ್ವಂತ ವ್ಯಾಪಾರ ಆರಂಭಿಸಿದರು.

ಸರೋವರ ತೀರದ ದಾವೆಗಳು

೧೮೩೬ರಲ್ಲಿ ಕಾಲುವೆ ಆಯುಕ್ತರು ನಿವೇಶನಗಳ ಮಾರಾಟಕ್ಕೆಂದು ಸಿದ್ಧಪಡಿಸಿದ ನಕ್ಷೆಯಲ್ಲಿ, ಮಿಷಿಗನ್ ಬೀದಿಯ ಪೂರ್ವಕ್ಕೆ ಸರೋವರದವರೆಗಿನ ನೆಲವು ಸಾರ್ವಜನಿಕರದೆಂದೂ ಅಲ್ಲಿ ಎಂದೆಂದಿಗೂ ಕಟ್ಟಡ ಏಳಬಾರದೆಂದೂ ಬರೆದಿದ್ದರು. ನಗರ ಬೆಳೆದಂತೆ ಈ ಮಾತು ಮರೆಯಾಯಿತು. ರೈಲುಹಳಿ, ಕಸದ ರಾಶಿ, ಮುರುಕು ಷೆಡ್ಡುಗಳು ಆ ಬಯಲನ್ನು ತುಂಬಿದವು. ಬಯಲಿನ ಎದುರಿಗೇ ಕಚೇರಿ ಹೊಂದಿದ್ದ ವಾರ್ಡ್ ೧೮೯೦ರಲ್ಲಿ ನಗರಾಡಳಿತದ ವಿರುದ್ಧ ಮೊದಲ ದಾವೆ ಹೂಡಿದರು. ನಕ್ಷೆಯ ವಾಗ್ದಾನವನ್ನು ನಂಬಿ ಕೊಂಡ ನಿವೇಶನಗಳ ಒಡೆಯರಿಗೆ ಅದನ್ನು ಊರ್ಜಿತಗೊಳಿಸುವ ಹಕ್ಕಿದೆಯೆಂಬುದು ಅವರ ವಾದ. ಸಾರ್ವಜನಿಕರ ಬಯಲನ್ನು ಕೊನೆಗೆ ಕಾಪಾಡಿದ್ದು ಹೀಗೆ ಒಬ್ಬ ಖಾಸಗಿ ಆಸ್ತಿದಾರನ ಹಕ್ಕು ಎಂಬುದು ಗಮನಾರ್ಹ.

ಅತ್ಯಂತ ಕಠಿಣವಾದದ್ದು ವಸ್ತುಸಂಗ್ರಹಾಲಯದ ಪ್ರಕರಣ. ೧೯೦೬ರಲ್ಲಿ ತೀರಿಕೊಂಡ ಮಾರ್ಷಲ್ ಫೀಲ್ಡ್ ಅದರ ನಿರ್ಮಾಣ ಮತ್ತು ನಿರ್ವಹಣೆಗೆ ೮೦ ಲಕ್ಷ ಡಾಲರ್ ಬಿಟ್ಟುಹೋಗಿದ್ದರು. ಗ್ರಾಂಟ್ ಉದ್ಯಾನವೆಂದು ಹೆಸರಾಗಿದ್ದ ಆ ಬಯಲಿನ ನಡುವೆಯೇ ಅದನ್ನು ಕಟ್ಟುವುದು ನಗರದ ಗಣ್ಯರ ಆಸೆ. ಜ್ಞಾನಮಂದಿರವನ್ನು ವಿರೋಧಿಸುವುದು ಕಸದ ರಾಶಿಯನ್ನು ವಿರೋಧಿಸಿದಷ್ಟು ಸುಲಭವಾಗಿರಲಿಲ್ಲ. ಪತ್ರಿಕೆಗಳು ವಾರ್ಡರನ್ನು ಪ್ರಗತಿಗೆ ಅಡ್ಡಿಯೆಂದು ಟೀಕಿಸಿದವು. ಒಂದು ಕಟ್ಟಡಕ್ಕೆ ಒಪ್ಪಿದರೆ ಮುಂದಿನದನ್ನು ತಡೆಯಲಾಗದೆಂದು ಅವರು ಪಟ್ಟು ಸಡಿಲಿಸಲಿಲ್ಲ. ೧೯೧೧ರ ವೇಳೆಗೆ ಇಲಿನಾಯ್ ರಾಜ್ಯದ ಸರ್ವೋಚ್ಚ ನ್ಯಾಯಾಲಯದಲ್ಲಿ ನಾಲ್ಕು ಬಾರಿ ಗೆದ್ದರು. ಮೊದಲೇ ತಲೆಯೆತ್ತಿದ್ದ ಆರ್ಟ್ ಇನ್‌ಸ್ಟಿಟ್ಯೂಟ್ ಕಟ್ಟಡ ಮಾತ್ರ ಅಪವಾದವಾಗಿ ಉಳಿಯಿತು.

ನಂತರದ ಪರಿಣಾಮ

ಫೀಲ್ಡ್ ವಸ್ತುಸಂಗ್ರಹಾಲಯವು ಉದ್ಯಾನದ ದಕ್ಷಿಣಕ್ಕೆ, ಸರೋವರದಲ್ಲಿ ಮಣ್ಣು ತುಂಬಿ ಪಡೆದ ನೆಲದಲ್ಲಿ ನಿರ್ಮಾಣಗೊಂಡು ೧೯೨೧ರಲ್ಲಿ ತೆರೆಯಿತು. ೨೦೦೪ರಲ್ಲಿ ಉದ್ಯಾನದ ವಾಯವ್ಯ ಮೂಲೆಯಲ್ಲಿ ಮಿಲೆನಿಯಮ್ ಪಾರ್ಕ್ ರೂಪುಗೊಂಡಾಗಲೂ ಹಳೆಯ ನಿರ್ಬಂಧ ಜೀವಂತವಾಗಿತ್ತು. ಅಲ್ಲಿನ ಬೃಹತ್ ಸಂಗೀತ ವೇದಿಕೆಯನ್ನು ಕಟ್ಟಡವೆಂದಲ್ಲದೆ ಕಲಾಕೃತಿಯೆಂದು ಪರಿಗಣಿಸಬೇಕಾಯಿತು.